ಮನೆಗೆ ತರಬೇಕೇ, ಅಲ್ಲೇ ಬಿಡಬೇಕೇ

ನ್ಯೂಜೆರ್ಸಿಯ ನಮ್ಮ ವೆಸ್ಟ್ ವಿಂಡ್ಸರಿನಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳು ಅಮೆರಿಕದ ಚರಿತ್ರೆಯ ಮೇಲೆ ಒಂದು ರಿಸರ್ಚ್ ಪೇಪರ್ ಬರೆಯಬೇಕು. ಬರೆಯುವವರು ಮಕ್ಕಳು, ವಿಷಯ ಹುಡುಕಿ ಸುಸ್ತಾಗುವವರು ಅಪ್ಪ ಅಮ್ಮಂದಿರು. ಬರ್ತ್‌ಡೇ ಪಾರ್ಟಿಗೆ ಹೋದರೂ ಅದೇ ಮಾತು, ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತರೂ ಅದೇ ಮಾತು. ಒಬ್ಬರ ಮಗ ರೈಲು ಹಳಿ ಹಾಕಿದ ಕಥೆ ತೆಗೆದುಕೊಂಡಿದ್ದ, ಇನ್ನೊಬ್ಬರ ಮಗಳು ಚಂದ್ರನ ಮೇಲೆ ಇಳಿದದ್ದನ್ನು. "ಕಾಲೇಜ್ ಅಪ್ಲಿಕೇಶನ್‌ಗೆ ಸೂಟ್ ಆಗೋ ಥರ ತಗೊಳ್ಳೋಕೆ ಹೇಳಿ," ಎಂದು ಒಬ್ಬ ಅಂಕಲ್ ನನಗೂ ಬುದ್ಧಿ ಹೇಳಿದರು, ಸೀರೆಗೆ ಬ್ಲೌಸ್ ಪೀಸ್ ಆರಿಸುವವರ ಹಾಗೆ.

ನನ್ನ ಮಗಳು ಯಾರನ್ನೂ ಕೇಳಲಿಲ್ಲ. ಒಂದು ಶನಿವಾರ ಬೆಳಿಗ್ಗೆ ದೋಸೆ ತಿನ್ನುತ್ತಾ, ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸತ್ತ ಅಮೆರಿಕದ ಸಿಪಾಯಿಗಳ ಬಗ್ಗೆ ಬರೆಯುತ್ತೇನೆ ಎಂದಳು. ಯುದ್ಧದ ಬಗ್ಗೆಯೂ ಅಲ್ಲ, ಹೆಣಗಳ ಬಗ್ಗೆ. ಯುದ್ಧ ಮುಗಿದ ಮೇಲೆ ಸರ್ಕಾರ ಒಂದೊಂದು ಮನೆಯನ್ನೂ ಕೇಳಿತಂತೆ: ನಿಮ್ಮವರನ್ನು ಮನೆಗೆ ತರಬೇಕೇ, ಅಲ್ಲೇ ಬಿಡಬೇಕೇ? ತರಬೇಕು ಎಂದವರ ಶವಪೆಟ್ಟಿಗೆಗಳು ಹಡಗಿನಲ್ಲಿ ಬಂದು ಇಳಿದದ್ದು ಇಲ್ಲೇ, ನಮ್ಮ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ.

ನನ್ನ ಕಾವಲಿಯ ಮೇಲಿನ ದೋಸೆ ಸೀದುಹೋಯಿತು. "ಬೆಳಗ್ಗೆ ಬೆಳಗ್ಗೆ ಎಂಥಾ ಮಾತೇ ಅದು? ಬೇರೆ ಟಾಪಿಕ್ಕೇ ಸಿಗ್ಲಿಲ್ವಾ ನಿಂಗೆ?" ಎಂದು ರೇಗಿದೆ.

"ಇಟ್ಸ್ ಹಿಸ್ಟರಿ, ಅಮ್ಮ," ಎಂದಳು.

ಅವಳಿಗೆ ಹಿಸ್ಟರಿ. ನಮ್ಮ ಗ್ಯಾರೇಜಿನ ಶೆಲ್ಫಿನಲ್ಲಿ ಅವಳ ಅಪ್ಪನ ಅಸ್ಥಿ ಇನ್ನೂ ಹಾಗೆಯೇ ಇತ್ತು. ಇವರು ಹೋದದ್ದು ಕೊರೋನಾ ಬಂದ ಮೊದಲ ವರ್ಷ. ಆಸ್ಪತ್ರೆಯೊಳಗೆ ನಮ್ಮನ್ನು ಬಿಡಲಿಲ್ಲ. ನಾನು ಇಲ್ಲಿಂದ, ಅತ್ತೆ ಮೈಸೂರಿನಿಂದ, ಇಬ್ಬರೂ ಫೋನಿನಲ್ಲೇ ಕೊನೆಯ ಸಲ ಮುಖ ನೋಡಿದೆವು. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡುವುದೆಂದು ಆಗಲೇ ಮಾತಾಗಿತ್ತು, ಆದರೆ ವಿಮಾನಗಳೇ ಇರಲಿಲ್ಲ. ಅಲ್ಲಿಯವರೆಗೆ ಮನೆಯೊಳಗೆ ಇಡುವಂತಿಲ್ಲ. ಊರಿನಲ್ಲಾದರೆ ಹೊರಗೆ ಮರಕ್ಕೆ ಕಟ್ಟುತ್ತಾರೆ, ಇಲ್ಲಿ ಮರಕ್ಕೆ ಕಟ್ಟಿದರೆ ಟೌನ್‌ಹೌಸ್ ಅಸೋಸಿಯೇಷನ್‌ನವರು ನೋಟಿಸ್ ಕಳಿಸುತ್ತಾರೆ. ಗ್ಯಾರೇಜು ಮನೆಯ ಒಳಗೋ ಹೊರಗೋ ಎಂದು ಪುರೋಹಿತರಿಗೆ ಫೋನ್ ಮಾಡಿ ಕೇಳಿದೆ. ಅವರು ತುಸು ಯೋಚಿಸಿ, "ಕಾರ್ ನಿಲ್ಸೋ ಜಾಗ ಅಲ್ವೇನಮ್ಮಾ, ಹೊರಗೇ ಅಂತ ಇಟ್ಕೊಳ್ಳಿ," ಎಂದರು. ಹಾಗೆ ನನ್ನ ಗಂಡ ಹಿಮಕ್ಕೆ ಹಾಕುವ ಉಪ್ಪಿನ ಚೀಲದ ಮೇಲಿನ ಶೆಲ್ಫಿಗೆ ಬಂದರು.

ವಿಮಾನಗಳು ಮತ್ತೆ ಹಾರಲು ಶುರುವಾಗಿ ವರ್ಷಗಳಾದವು. ಒಂದು ಸಲ ಆಫೀಸಿನಲ್ಲಿ ರಜೆ ಸಿಗಲಿಲ್ಲ, ಇನ್ನೊಂದು ಸಲ ಮಗಳ ಪರೀಕ್ಷೆ, ಮತ್ತೊಂದು ಸಲ ನನಗೇ ಜ್ವರ. ಅತ್ತೆ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಯಾವಾಗಮ್ಮಾ ಕರ್ಕೊಂಡು ಬರ್ತೀಯ ಅವನ್ನ?" ಈ ಬೇಸಿಗೆಯಲ್ಲಾದರೂ ಹೋಗಲೇಬೇಕೆಂದು ಟಿಕೆಟ್ ನೋಡಿಟ್ಟಿದ್ದೆ, ಬುಕ್ ಮಾಡಿರಲಿಲ್ಲ. ಅಷ್ಟರಲ್ಲಿ ಇವಳ ಈ ಟಾಪಿಕ್ಕು. ಅಪ್ಪನನ್ನು ಕಳಿಸಬೇಡ ಎಂದು ಬಾಯಿಬಿಟ್ಟು ಹೇಳಲಾರದೆ ಹುಡುಗಿ ಹೀಗೆ ಸುತ್ತು ಹಾಕುತ್ತಿದ್ದಾಳೆ ಎಂದುಕೊಂಡೆ. ಒಂದು ಕಡೆ ಅತ್ತೆ, ಒಂದು ಕಡೆ ಇವಳು, ನಡುವೆ ನಾನು.

ಮುಂದಿನ ವಾರ ಜಾಗ ನೋಡಬೇಕೆಂದಳು, ಹೊಬೋಕನ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಹಡಗುಕಟ್ಟೆ ಇದ್ದಲ್ಲಿ ಈಗ ಪಾರ್ಕು. ಹುಲ್ಲಿನ ಮೇಲೆ ನಾಯಿಗಳು, ತಳ್ಳುಗಾಡಿಯಲ್ಲಿ ಮಕ್ಕಳು, ನದಿಯಾಚೆ ಮ್ಯಾನ್‌ಹಟನ್. ಕಂಬಿಗೆ ಒರಗಿ ನಿಂತು ಅವಳು ತಾನು ಓದಿದ್ದನ್ನು ಹೇಳತೊಡಗಿದಳು. ಸರ್ಕಾರ ಮೊದಲು ಕೇಳುತ್ತಿದ್ದದ್ದು ಹೆಂಡತಿಯನ್ನು. ಅವಳಿಲ್ಲದಿದ್ದರೆ ಮಾತ್ರ ಮಕ್ಕಳನ್ನು.

ನನಗೆ ತಡೆಯಲಾಗಲಿಲ್ಲ. "ನಿನ್ನನ್ಯಾಕೆ ಕೇಳ್ಲಿಲ್ಲ ಅಂತಾನೇನೇ ಇದೆಲ್ಲಾ? ಅಪ್ಪ ಇಲ್ಲೇ ಇರ್ಲಿ ಅಂತಾನಾ ನಿಂಗೆ? ನೇರವಾಗಿ ಹೇಳ್ಬಾರ್ದಾ?"

ಅವಳು ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದಳು. "ನೋ, ಅಮ್ಮ. ಐ ವಾಂಟ್ ಹಿಮ್ ಟು ಗೋ. ಅಜ್ಜಿ ಈಸ್ ವೇಟಿಂಗ್."

"ಮತ್ತೆ ಈ ಟಾಪಿಕ್ ಯಾಕೆ?"

ಅವಳು ತಡೆದು ತಡೆದು ಹೇಳಿದಳು. ಕೆಲವು ಮನೆಯವರು ತನ್ನಿ ಎಂದು ಬರೆದು ಆಮೇಲೆ ಬೇಡ ಎಂದು ಬರೆಯುತ್ತಿದ್ದರಂತೆ. ಮತ್ತೆ ತನ್ನಿ ಎನ್ನುತ್ತಿದ್ದರಂತೆ. "ದಟ್ಸ್ ಮೈ ಪೇಪರ್, ಅಮ್ಮ. ಡಿಸೈಡ್ ಮಾಡೋಕೆ ಆಗ್ದೇ ಇದ್ದೋರು." ಆಮೇಲೆ ನದಿಯ ಕಡೆ ತಿರುಗಿ, ಬಹಳ ಮೆಲ್ಲಗೆ, "ಐ ಹಿಯರ್ ಯೂ ಇನ್ ದ ಗ್ಯಾರೇಜ್. ಎವ್ರಿ ಮಾರ್ನಿಂಗ್. ಯೂ ಟೆಲ್ ಹಿಮ್ ಯೂ ಆರ್ ಲೀವಿಂಗ್," ಎಂದಳು.

ಗ್ಯಾರೇಜಿನ ಬಾಗಿಲು ಏಳುವ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಕಾರು ಹತ್ತುವ ಮುಂಚೆ ಶೆಲ್ಫಿನ ಕಡೆ ನೋಡಿ "ಹೋಗಿ ಬರ್ತೀನಿ ರೀ" ಅನ್ನುತ್ತೇನೆ, ಅಷ್ಟೇ. ಮಂಜು ಬಿದ್ದಿದ್ದರೆ ನಿಧಾನವಾಗಿ ಓಡಿಸುತ್ತೇನೆ ಎಂದೂ ಹೇಳುತ್ತೇನೆ. ರಜೆ ಸಿಗದೆ ಇದ್ದದ್ದೂ ನಿಜ, ಜ್ವರ ಬಂದದ್ದೂ ನಿಜ. ಆದರೆ ಕಳಿಸಲು ಮನಸ್ಸಿಲ್ಲದೆ ಇದ್ದದ್ದು ನನಗೆ. ಅಷ್ಟು ಜನ ಓಡಾಡುತ್ತಿದ್ದ ಪಾರ್ಕಿನಲ್ಲಿ ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಮಗಳು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಮನೆಗೆ ಬಂದವಳೇ ಟಿಕೆಟ್ ಬುಕ್ ಮಾಡಿದೆ. ಫೋನಿನಲ್ಲಿ ಅತ್ತೆಗೆ ದಿನ ಹೇಳಿದರೆ ಅವರು ಎರಡೆರಡು ಸಲ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಮಗಳ ಪೇಪರಿಗೆ ಒಳ್ಳೆಯ ಗ್ರೇಡ್ ಬಂತು. ಸೂಟ್‌ಕೇಸುಗಳನ್ನು ಇಳಿಸಿ ಒರೆಸಿಟ್ಟಿದ್ದೇನೆ. ಇವರನ್ನು ಕಾವೇರಿಗೆ ಬಿಟ್ಟು ಬಂದ ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಯಾರಿಗೆ ಹೇಳಿ ಹೊರಡಬೇಕು ಎಂಬುದು ಮಾತ್ರ ನನಗಿನ್ನೂ ಗೊತ್ತಾಗಿಲ್ಲ.