ಎಡಗಡೆಯ ಹಿಂದಿನ ಸೀಟು

ಆ ಗಾಡಿಯನ್ನು ಕೊಳ್ಳಬೇಕೋ ಬೇಡವೋ ಎಂದು ನೋಡಲು ನಾವು ಹೋದದ್ದು ಎರಡು ಸಾವಿರದ ಎಂಟರಲ್ಲೋ ಒಂಬತ್ತರಲ್ಲೋ. ಮಳೆಗಾಲ ಮುಗಿದಿತ್ತು, ರಸ್ತೆಯ ಧೂಳು ನೆನಪಿದೆ. ಆದರೆ ಧೂಳು ನೆನಪಿರುವುದರಿಂದ ಮಳೆಗಾಲ ಮುಗಿದಿತ್ತು ಎಂದುಕೊಳ್ಳುತ್ತಿದ್ದೇನೋ, ಮುಗಿದಿತ್ತೆಂದು ಗೊತ್ತಿರುವುದರಿಂದ ಧೂಳನ್ನು ಸೇರಿಸಿಕೊಂಡಿದ್ದೇನೋ ಹೇಳಲಾರೆ. ಇತಿಹಾಸ ಪಾಠ ಮಾಡಿದವಳಿಗೆ ತನ್ನ ನೆನಪಿನ ಮೇಲೆ ಅಷ್ಟು ಅನುಮಾನವಾದರೂ ಇರಬೇಕು.

ಅದರ ಹಿಂದಿನ ವರ್ಷ ಬಚ್ಚಲಿನಲ್ಲಿ ಜಾರಿಬಿದ್ದು ನನ್ನ ಎಡಸೊಂಟದ ಕೀಲು ಮುರಿದಿತ್ತು. ಆಪರೇಷನ್ ಆದಮೇಲೆ ಡಾಕ್ಟರು, ತಗ್ಗಿನ ಸೀಟಿನಲ್ಲಿ ಕೂರಲೇಬೇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು ಎಂದಿದ್ದರು. ಮನೆ ಇದ್ದದ್ದು ಶಿವಮೊಗ್ಗದಲ್ಲಿ, ನನ್ನ ಕಾಲೇಜು ಭದ್ರಾವತಿಯಲ್ಲಿ. ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ, ಮನೆಯಲ್ಲಿದ್ದ ಸಣ್ಣ ಕಾರಿನೊಳಗೆ ಮಡಚಿಕೊಂಡು ಕೂರುವಂತಿಲ್ಲ. ರಜೆಯೆಲ್ಲ ಮುಗಿಯುತ್ತ ಬಂದಿತ್ತು. ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ಸ್ವಯಂನಿವೃತ್ತಿಯ ಅರ್ಜಿ ಬರೆಯಬೇಕು. ಆ ಅರ್ಜಿ ಬರೆದರೆ ಉಳಿದ ಆಯುಷ್ಯವನ್ನು ವರಾಂಡದ ಎತ್ತರದ ಕುರ್ಚಿಯಲ್ಲಿ ಕಳೆಯುತ್ತೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ಈ ಗಾಡಿಯ ಸುದ್ದಿ ಸಿಕ್ಕಿತು. ವಿದೇಶಿ ಕಂಪನಿಯ ದೊಡ್ಡ ಎಸ್‌ಯುವಿ, ಮಂತ್ರಿಗಳು ಓಡಾಡುವಂಥದ್ದು. ಹೊಸದಾದರೆ ನಾವು ಕನಸಿನಲ್ಲೂ ಕೊಳ್ಳುವಂತಿರಲಿಲ್ಲ. ಇದು ಬಳಸಿದ್ದು, ಕಂಪನಿಯವರೇ ಪರೀಕ್ಷೆ ಮಾಡಿ ಸರ್ಟಿಫೈ ಮಾಡಿದ್ದು. ಆಲ್ಕೊಳ ಸರ್ಕಲ್ ಹತ್ತಿರ ಹೊಸದಾಗಿ ತೆರೆದಿದ್ದ ಅಂಗಡಿಯ ಅಂಗಳದಲ್ಲಿ ನಿಂತಿತ್ತು. ಕಪ್ಪು ಬಣ್ಣ, ಗಾಜಿಗೂ ಕಪ್ಪು ಫಿಲ್ಮು.

"ಸಿಂಗಲ್ ಓನರ್ ಮೇಡಂ, ಆಕ್ಸಿಡೆಂಟ್ ಫ್ರೀ. ಇಂಜಿನ್ನು, ಗೇರ್‌ಬಾಕ್ಸು ಎಲ್ಲ ಚೆಕ್ ಮಾಡಿ ಕಂಪನಿಯೋರೇ ಗ್ಯಾರಂಟಿ ಕೊಟ್ಟಿದಾರೆ," ಎಂದ ಮಾರಾಟದ ಹುಡುಗ.

"ಮತ್ತೆ ಮಾರಿದ್ದು ಯಾಕಂತೆ?"

"ಮನೇಲಿ ಬಳಸೋರಿಲ್ಲ ಅಂತ ಮೇಡಂ."

ನನ್ನವರು ಟೈರಿಗೆ ಮೆಲ್ಲಗೆ ಒದ್ದರು. "ಒದ್ರೆ ಏನ್ ಗೊತ್ತಾಗತ್ತೆ ರೀ?" ಎಂದೆ.

"ಏನೂ ಗೊತ್ತಾಗಲ್ಲ. ಎಲ್ಲಾರೂ ಒದೀತಾರೆ, ನಾನೂ ಒದ್ದೆ."

ಹಿಂದಿನ ಎಡಬಾಗಿಲು ತೆರೆದಾಗ ನಾನು ಗಮನಿಸಿದ್ದು ಕೆಳಗಿನ ಮೆಟ್ಟಿಲನ್ನು. ಗಾಡಿಯ ಜೊತೆ ಬಂದ ಮೆಟ್ಟಿಲಿನ ಕೆಳಗೆ ಇನ್ನೊಂದು ಕಬ್ಬಿಣದ ಮೆಟ್ಟಿಲು. ಬಲಗಡೆ ಹೋಗಿ ನೋಡಿದೆ, ಅಲ್ಲಿರಲಿಲ್ಲ. ಒಳಗೆ ಬಾಗಿಲ ಕಂಬಕ್ಕೆ ಒಂದು ಹಿಡಿ. ಹಿಡಿದು ಹಿಡಿದು ನಡುವೆ ಮಾತ್ರ ಹೊಳಪಾಗಿತ್ತು. ನನ್ನ ಕೈ ನೇರ ಆ ಹೊಳಪಿನ ಮೇಲೇ ಹೋಗಿ ಕೂತಿತು. ಬಲಗಾಲು ಮೊದಲು, ಆಮೇಲೆ ಎಡಗಾಲು. ಯಾರ ಹೆಗಲನ್ನೂ ಹಿಡಿಯದೆ ಹತ್ತಿ ಕೂತಿದ್ದೆ.

ಕೂತಮೇಲೆ ನೋವು ಬರಲೆಂದು ಕಾದೆ. ಕೂತ ಸ್ವಲ್ಪ ಹೊತ್ತಿಗೆ ಅದು ಸೊಂಟದಿಂದ ತೊಡೆಗೆ ಇಳಿಯುವುದು ಒಂದು ವರ್ಷದ ರೂಢಿ. ಬರಲಿಲ್ಲ. ಸೀಟು ಎಡಕ್ಕೆ ತುಸು ಎತ್ತರವಾಗಿತ್ತು, ನಡುವೆ ಒಂದು ತಗ್ಗಿತ್ತು, ಆ ತಗ್ಗು ನನ್ನದೇ ಅಳತೆಯದು ಎನ್ನುವಂತಿತ್ತು.

ಭದ್ರಾವತಿಯವರೆಗೂ ಓಡಿಸಿ ನೋಡೋಣ ಎಂದಾಯಿತು. ನನ್ನವರು ಓಡಿಸಿದರು, ಪಕ್ಕದಲ್ಲಿ ಆ ಹುಡುಗ, ಹಿಂದೆ ನಾನೊಬ್ಬಳೇ. ಊರು ದಾಟಿ ಮಾಚೇನಹಳ್ಳಿ ಹತ್ತಿರವಾಗುತ್ತಿದ್ದಾಗ ರಸ್ತೆ ಬದಿಯಲ್ಲಿ ಒಬ್ಬ ಬೀಡಿ ಸೇದುತ್ತ ನಿಂತಿದ್ದ. ಗಾಡಿ ಕಂಡದ್ದೇ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟ, ಇನ್ನೊಂದು ಕೈಯಿಂದ ಮೇಲೆ ಕಟ್ಟಿದ್ದ ಲುಂಗಿಯನ್ನು ಕೆಳಗಿಳಿಸಿದ. ನೋಡಿದ್ದು ಓಡಿಸುವವರನ್ನಲ್ಲ, ನನ್ನ ಕಿಟಕಿಯನ್ನು. ಕಪ್ಪು ಗಾಜಿನಿಂದ ನಾನು ಅವನಿಗೆ ಕಾಣುವಂತಿರಲಿಲ್ಲ. ಇನ್ನಷ್ಟು ದೂರ ಹೋದಮೇಲೆ ಒಂದು ವರ್ಕ್‌ಶಾಪಿನ ಎದುರು ಇಬ್ಬರು, ಅವರದ್ದೂ ಅದೇ. ಹಿರಿಯರೆದುರು, ಯಜಮಾನರೆದುರು ಲುಂಗಿ ಇಳಿಸುವುದು ನಮ್ಮ ಕಡೆಯ ಮರ್ಯಾದೆ. ನನ್ನೆದುರು ಯಾರೂ ಹಾಗೆ ಮಾಡಿದ್ದಿಲ್ಲ.

"ರೀ, ಅವರು ಲುಂಗಿ ಇಳಿಸಿದ್ರು."

"ಯಾರು?"

"ಅಲ್ಲಿ ನಿಂತೋರು."

"ಬೀಳ್ತಿತ್ತೇನೋ ಮಾರಾಯ್ತಿ, ಬಿಗಿ ಮಾಡ್ಕೊಂಡ್ರು," ಎಂದರು. ಇಬ್ಬರೂ ನಕ್ಕೆವು.

ನನ್ನವರು ಈಗಲೂ ಹೇಳುವುದು, ಲುಂಗಿಯ ವಿಷಯ ನಾನು ಆಮೇಲೆ ಸೇರಿಸಿಕೊಂಡದ್ದು ಎಂದು. ಇರಬಹುದೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆದರೆ ಆ ತಮಾಷೆಗೆ ನಾವಿಬ್ಬರೂ ನಕ್ಕದ್ದು ನೆನಪಿದೆ, ಮತ್ತು ಆ ದಿನ ಮಾಚೇನಹಳ್ಳಿಯ ನಂತರ ನಾವು ನಕ್ಕಿಲ್ಲ. ಹಾಗಾಗಿ ಅದು ಮೊದಲೇ ನಡೆದಿರಬೇಕು.

ಮಾಚೇನಹಳ್ಳಿಯಲ್ಲಿ ಇಂಜಿನ್ ಬಿಸಿಯಾಗಿದೆಯೇ ನೋಡಲೆಂದು ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಅವರು ಇಳಿದು ಬಾನೆಟ್ ಎತ್ತುವಷ್ಟರಲ್ಲಿ ನನ್ನ ಕಿಟಕಿಯ ಮೇಲೆ ಎರಡು ಬೆರಳಿನ ಸಣ್ಣ ತಟ್ಟು. ಗಾಜು ಇಳಿಸಿದೆ. ಟೀ ಗ್ಲಾಸು ಹಿಡಿದ ಒಂದು ಕೈ ಒಳಗೆ ಬಂತು. ಕೈಯ ಹಿಂದೆ ಅಂಗಡಿಯವನ ಮುಖ, ತಗ್ಗಿಸಿಕೊಂಡಿದ್ದ. ನಾನು ಗ್ಲಾಸು ತೆಗೆದುಕೊಂಡ ಮೇಲೆ ತಲೆ ಎತ್ತಿದ. ನನ್ನನ್ನು ನೋಡಿದ, ನನ್ನ ಆಚೆ ಖಾಲಿ ಸೀಟನ್ನು ನೋಡಿದ, ಮತ್ತೆ ನನ್ನನ್ನು.

"ತಪ್ಪಾಯ್ತಮ್ಮ. ಗಾಡಿ ನಿಂತ ತಕ್ಷಣ ಕೈ ಟೀ ಸೋಸಿಬಿಡ್ತು. ತಲೆಗೆ ಹೊಳೆದಿದ್ದು ಈಗ."

"ಯಾರಿಗೆ ತಂದಿದ್ದು?"

"ನಮ್ಮ ಯಜಮಾನ್ರಿಗೆ. ಆ ಹಿಂದಗಡೆ ಕಬ್ಬಿಣ ಎರಕ ಹೊಯ್ಯೋ ಫೌಂಡ್ರಿ ಅವರದ್ದೇ. ಈ ಏರಿಯಾದಲ್ಲಿ ಅರ್ಧ ಜನಕ್ಕೆ ಕೆಲಸ ಕೊಟ್ಟಿದ್ದು ಅವರೇ, ಇನ್ನರ್ಧ ಜನನ ಬಿಡಿಸಿದ್ದೂ ಅವರೇ."

ನನ್ನವರು ಬಾನೆಟ್ ಮುಚ್ಚಿ ಬಂದರು. "ಈಗೆಲ್ಲಿದ್ದಾರೆ?"

"ಹೋದ್ರಲ್ಲ ಸಾರ್, ಯುಗಾದಿಗೆ ಮುಂಚೆ. ಈ ಗಾಡೀಲೇ. ಇಲ್ಲೇ ಟೀ ಕುಡಿದು ಶಿವಮೊಗ್ಗಕ್ಕೆ ಅಂತ ಹೊರಟ್ರು. ಮನೆ ಮುಂದೆ ನಿಲ್ಸಿ ಬಾಗಿಲು ತೆಗೆದಾಗಲೇ ಡ್ರೈವರಿಗೆ ಗೊತ್ತಾಗಿದ್ದಂತೆ. ಹೆಂಗೆ ಕೂತಿದ್ರೋ ಹಂಗೇ ಕೂತಿದ್ರಂತೆ."

ಮಾರಾಟದ ಹುಡುಗ ಡ್ಯಾಶ್‌ಬೋರ್ಡನ್ನು ಒರೆಸತೊಡಗಿದ. "ಆಕ್ಸಿಡೆಂಟ್ ಅಲ್ಲ ಸಾರ್ ಅದು. ಗಾಡಿಗೇನೂ ಆಗಿಲ್ಲ," ಎಂದ. ಸುಳ್ಳಲ್ಲ.

ಯಾವ ಸೀಟು ಎಂದು ನಾವು ಕೇಳಲಿಲ್ಲ. ಅಂಗಡಿಯವನು ತಾನಾಗಿ ಹೇಳಿದ. "ಸೊಂಟ ನೋವಿತ್ತು ಅವರಿಗೆ. ಆ ಮೆಟ್ಲು, ಆ ಹಿಡಿ ಎಲ್ಲ ಫೌಂಡ್ರಿ ಹುಡುಗರ ಕೈಲೇ ಮಾಡ್ಸಿದ್ದು. ಈ ಸೀಟನ್ನ ಎಷ್ಟು ಸಲ ಬಿಚ್ಚಿಸಿ ಹೊಲಿಸಿದ್ರೋ. ಕೊನೆಗೊಂದಿನ ಟೀ ಕುಡೀತಾ ಹೇಳಿದ್ರು, ಈಗ ನೋವೇ ಗೊತ್ತಾಗಲ್ಲ ಕಣೋ ಅಂತ."

ಖಾಲಿ ಗ್ಲಾಸನ್ನು ಅವನ ಕೈಗೆ ಕೊಟ್ಟೆ. ಟೀಗೆ ಸಕ್ಕರೆ ಹಾಕಿರಲಿಲ್ಲ ಎಂಬುದು ಪೂರ್ತಿ ಕುಡಿದ ಮೇಲೆ ತಿಳಿಯಿತು.

ನನ್ನವರು ಗಾಡಿಯನ್ನು ಶಿವಮೊಗ್ಗದ ಕಡೆಗೆ ತಿರುಗಿಸಹೊರಟರು. "ಕಾಲೇಜಿನ ತನಕ ಹೋಗೋಣ," ಎಂದೆ. ದನಿ ನನ್ನದೇ, ಆದರೆ ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಉಳಿದ ದಾರಿ ನೆನಪಿರುವುದು ಒಂದು ವಿಚಿತ್ರ ಕಾರಣಕ್ಕೆ. ಸೊಂಟ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಒಂದು ವರ್ಷ ನಾನು ಎದ್ದಿದ್ದೇನೆ, ಕೂತಿದ್ದೇನೆ, ಇದ್ದೇನೆ ಎಂದೆಲ್ಲ ಹೇಳುತ್ತಿದ್ದದ್ದು ಆ ನೋವು. ಅದಿಲ್ಲದೆ ಮೊದಲು ಸೊಂಟ, ಆಮೇಲೆ ತೊಡೆ, ಆಮೇಲೆ ಪಾದ ಒಂದೊಂದಾಗಿ ನನ್ನಿಂದ ಸರಿದು ಹೋದಂತಾಯಿತು. ಸುಖವೆಂದರೂ ಸುಖವೇ. ಆ ಯಜಮಾನರಿಗೂ ಹೀಗೇ ಆಗಿರಬೇಕು, ಉಸಿರು ಎಲ್ಲಿಗೆ ಮುಗಿಯಿತೆಂದು ಗೊತ್ತೇ ಆಗಿರಲಾರದು ಎಂದುಕೊಂಡೆ. ಚಪ್ಪಲಿಯೊಳಗೆ ಕಾಲ್ಬೆರಳು ಆಡಿಸಿ ನೋಡಿದೆ. ಆಡಿದವು. ಸ್ವಲ್ಪ ತಡವಾಗಿ ಆಡಿದವೇನೋ.

"ಏನಾದ್ರೂ ಮಾತಾಡ್ತಾ ಇರು," ಎಂದರು ನನ್ನವರು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

"ರಸ್ತೆ ನೋಡಿ ಓಡಿಸಿ."

"ನೀನು ಮಾತಾಡು, ನಾನು ರಸ್ತೆ ನೋಡ್ತೀನಿ."

ಕಾಲೇಜಿನ ಗೇಟು ಕಂಡಿತು. ಇಳಿಯದೆ ಒಂದು ಕ್ಷಣ ನೋಡಿ ಹಿಂದಿರುಗಿದೆವು. ದಾರಿಯುದ್ದಕ್ಕೂ ನಾನು ಸುಮ್ಮನಾದಾಗಲೆಲ್ಲ ಅವರು "ಇದೀಯಾ?" ಎನ್ನುವುದು, ನಾನು "ಇದೀನಿ" ಎನ್ನುವುದು.

ಗಾಡಿಯ ಅಂಗಡಿ ತಲುಪಿ, ಹುಡುಗ ದೂರ ಹೋದಮೇಲೆ ಅವರು, "ಬೇಡ ಬಿಡು. ಸತ್ತೋರ ಸೀಟು," ಎಂದರು. ಅವರು ಇಂಥದ್ದನ್ನೆಲ್ಲ ನಂಬುವವರಲ್ಲ. ಅಂಥವರ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆದರಿಕೆ ಹೆಚ್ಚಾಯಿತು.

ಹುಡುಗ ಬಂದು, ಬೇಕಾದರೆ ಹಿಂದಿನ ಸೀಟನ್ನೇ ಕಿತ್ತು ಹೊಸದು ಹಾಕಿಸಿಕೊಡುತ್ತೇವೆ ಎಂದ. ನನ್ನವರ ಮುಖ ಅರಳಿತು. "ಹಾಗಾದ್ರೆ ಸರಿ. ಅದೊಂದು ಹೋದ್ರೆ ಗಾಡಿ ಚೆನ್ನಾಗೇ ಇದೆ."

"ಅದೊಂದು ಹೋದ್ರೆ ನನಗೆ ಗಾಡಿ ಯಾಕೆ?" ಎಂದೆ. "ಸೀಟು ಇರಲಿ. ಗಾಜಿನ ಫಿಲ್ಮ್ ತೆಗೆಸಿ. ಒಳಗೆ ಯಾರಿದ್ದಾರೆ ಅಂತ ರಸ್ತೇಲಿ ನಿಂತೋರಿಗೆ ಕಾಣ್ಬೇಕು."

ನನ್ನವರು ಆ ಸೀಟನ್ನೊಮ್ಮೆ ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಹುಡುಗನಿಗೆ, ಕಾಗದಪತ್ರ ತಯಾರು ಮಾಡು ಎಂದರು.

ರಜೆ ಮುಗಿದ ದಿನವೇ ಕೆಲಸಕ್ಕೆ ಹಾಜರಾದೆ. ಓಡಿಸಲು ಒಬ್ಬ ಡ್ರೈವರನ್ನು ಗೊತ್ತು ಮಾಡಿದ್ದರು, ಅಷ್ಟಾಗಿ ಮಾತಿಲ್ಲದವನು. ಫಿಲ್ಮು ತೆಗೆದ ಗಾಜಿನಲ್ಲಿ ನನ್ನನ್ನು ಕಂಡು ಯಾರೂ ಲುಂಗಿ ಇಳಿಸಲಿಲ್ಲ. ನೋವಿಲ್ಲದೆ ಹೋಗಿಬರುತ್ತಿದ್ದೆ, ಪಾಠ ಮಾಡುತ್ತಿದ್ದೆ. ಸಂಜೆ ಹಿಂದಿರುಗುವಾಗ ಆಯಾಸದಿಂದ ಕಣ್ಣು ಮುಚ್ಚಿದರೆ ಗಾಡಿಯ ವೇಗ ಇಳಿಯುತ್ತಿತ್ತು. ತೆರೆದರೆ ಕನ್ನಡಿಯಲ್ಲಿ ಡ್ರೈವರನ ಕಣ್ಣುಗಳು ಕಾಯುತ್ತಿರುತ್ತಿದ್ದವು. ಅವನಿಗೆ ನನ್ನವರು ಏನು ಹೇಳಿದ್ದರೋ ನಾನು ಕೇಳಲಿಲ್ಲ. ಇದೀನಿ ಎಂಬಂತೆ ಕೈ ಎತ್ತಿ ತೋರಿಸುತ್ತಿದ್ದೆ. ಅವನು ಮತ್ತೆ ವೇಗ ಹೆಚ್ಚಿಸುತ್ತಿದ್ದ.