ಕಪ್ಪು ಕನ್ನಡಕದ ಸೀಟು

ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ನನಗೆ ನೈಟ್ ಶಿಫ್ಟು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ನಿದ್ದೆಯೇ ಹತ್ತುತ್ತಿರಲಿಲ್ಲ. ದಾರಿಯಲ್ಲಿ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಈಗಷ್ಟೇ ಬೆಳಗಾಯಿತು ಅಂದುಕೊಳ್ಳುತ್ತದೆ, ಮನೆ ಸೇರುವ ತನಕ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದರು ಡಾಕ್ಟರು.

ಹಾಕಿಕೊಂಡು ನರಸೀಪುರದ ಬಸ್ ಹತ್ತಿದೆ. ಪಕ್ಕದ ಸೀಟಿನ ಯಜಮಾನರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಮದ್ರಾಸ್ ಐ ಬಂದದಾ ಸಾ?"

"ಇಲ್ಲ ಕಣ್ರೀ, ನಿದ್ದೆ ಬರ್ಲಿ ಅಂತ ಹಾಕಿದ್ದೀನಿ."

"ಬಂದೋರೆಲ್ಲ ಇಂಗೇ ಏನಾದ್ರೂ ನೆಪ ಏಳ್ತಾರೆ" ಎಂದು ಎದ್ದು, ಕಂಬಿ ಹಿಡಿದು ನಿಂತರು. ಬಸ್ಸು ತುಂಬಿ ತುಳುಕಿದರೂ ಆ ಸೀಟಿಗೆ ಯಾರೂ ಬರಲಿಲ್ಲ.

ಮರುದಿನದಿಂದ ನಾನು ವಿವರಿಸುವುದನ್ನೇ ಬಿಟ್ಟೆ. ಯಾರಾದರೂ ಹತ್ತಿರ ಬಂದರೆ ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ, ಅಷ್ಟೇ. ಕಾಲು ಚಾಚಿಕೊಂಡು ಬಸ್ಸಿನಲ್ಲೇ ನಿದ್ದೆ ಶುರುವಾಯಿತು.

ಹೋದ ವಾರ ಇನ್ನೊಬ್ಬ ಕಪ್ಪು ಕನ್ನಡಕದವನು ನೇರವಾಗಿ ಬಂದು ಪಕ್ಕದಲ್ಲಿ ಕೂತ.

"ಬೇರೆಯೋರ ಅತ್ರ ಕೂತ್ರೆ ಬಯ್ತಾರೆ ಸಾ. ನಿಮ್ಗೆ ಎಂಗೂ ಬಂದದಲ್ಲ" ಎಂದು ಕನ್ನಡಕ ತೆಗೆದು, ಕೆಂಡದಂಥ ಕಣ್ಣು ಒರೆಸಿಕೊಂಡು, ಅದೇ ಕೈಯಲ್ಲಿ ನನ್ನ ಕೈ ಕುಲುಕಿದ.

ನನಗೂ ಬಂತು. ಫ್ಯಾಕ್ಟರಿಯವರು ಗೇಟಿನಿಂದಲೇ ವಾಪಸ್ ಕಳಿಸಿದರು. ಈಗ ಎಲ್ಲರ ಹಾಗೆ ರಾತ್ರಿ ಹೊತ್ತು ಮಲಗುತ್ತಿದ್ದೇನೆ. ಕಣ್ಣು ಉರಿಯುತ್ತದೆ, ನಿದ್ದೆ ಮಾತ್ರ ಸೊಗಸಾಗಿ ಬರುತ್ತಿದೆ.