ಒಂಬತ್ತನೇ ಕಾಟ್‌ನ ಫೈಲು

ದೇಶಪಾಂಡೆ ನಗರದ ಆ ಟ್ರಸ್ಟ್ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ರೋಗಿಗಳಿಗೆ ಹೆಸರಿರಲಿಲ್ಲ, ಊರಿತ್ತು. ಅಣ್ಣಿಗೇರಿ ಅಜ್ಜ, ನೂಲ್ವಿ ಅಣ್ಣ, ಕುಂದಗೋಳದ ಮಾಸ್ತರ. ಈ ರೂಢಿ ಹಾಕಿದವಳು ಆಯಾ ದಾನವ್ವ. ಬೆಂಗೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಇಪ್ಪತ್ತೇಳು ವರ್ಷ ಅದೇ ವಾರ್ಡಿನಲ್ಲಿ ಸವೆದವಳು. ಅಷ್ಟರಲ್ಲಿ ಎಷ್ಟೋ ಡಾಕ್ಟರರು ಬಂದರು, ಹೋದರು. ಗೋಡೆಗೆ ನಾಲ್ಕು ಸಲ ಬಣ್ಣ ಬದಲಾಯಿತು. ದಾನವ್ವ ಮಾತ್ರ ನೆಟ್ಟ ಕಲ್ಲಿನಂತೆ ಇದ್ದಳು. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಾಗಿಲ ಮೇಲಿನ ಫಲಕ, ಔಷಧಿಯ ಡಬ್ಬಿ, ಉಪ್ಪಿಟ್ಟು ಕಟ್ಟಿ ತಂದ ಹಳೆಯ ಪೇಪರು, ಹೀಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದಲು ಕಲಿತಿದ್ದಳು. ಒಳಗೆ ಬರುವವನ ನಡಿಗೆ ನೋಡಿಯೇ ಇವನಿಗೆ ಹೊಟ್ಟೆ, ಇವನಿಗೆ ಸೊಂಟ ಎಂದು ಹೇಳಿಬಿಡುವಳು. ಹೊಸ ನರ್ಸುಗಳು ರೋಗಿಯ ಹತ್ತಿರ ಹೇಗೆ ಮಾತಾಡಬೇಕೆಂಬುದನ್ನು ಕಲಿಯುತ್ತಿದ್ದದ್ದೂ ಅವಳ ಬಾಯಿಂದಲೇ.

ಆ ವರ್ಷ ಧಾರವಾಡದ ರೋಗಿ ಸುರಕ್ಷಾ ಬಳಗದವರು ಪ್ರತಿ ಗುರುವಾರ ಬರತೊಡಗಿದರು. ಆಸ್ಪತ್ರೆಗೆ ಗುಣಮಟ್ಟದ ಪ್ರಮಾಣಪತ್ರ ಬೇಕಾಗಿತ್ತು. ಅದಕ್ಕೆ ಏನೇನು ತಿದ್ದಿಕೊಳ್ಳಬೇಕು ಎಂದು ತೋರಿಸಿಕೊಡುವುದು ಬಳಗದ ಕೆಲಸ. ಬಳಗದ ಹಿರಿಯರು ಪ್ರಭಾವತಿ ಮೇಡಂ. ನರ್ಸಿಂಗ್ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಪ್ರತಿ ರೋಗಿಯ ಕೈಗೆ ಹೆಸರಿನ ಪಟ್ಟಿ ಕಟ್ಟಿರಿ, ಸೂಜಿ ಚುಚ್ಚುವ ಮೊದಲು ಹೆಸರನ್ನು ಅವನ ಬಾಯಿಂದಲೇ ಹೇಳಿಸಿರಿ, ತಪ್ಪಾದರೆ ಈ ವಹಿಯಲ್ಲಿ ಬರೆಯಿರಿ, ಬರೆದವರ ಹೆಸರು ಬೇಕಿಲ್ಲ, ಎಂದು ಅವರು ಹೇಳಿದರು. ವಹಿಗೆ ಒಂದು ಪೆನ್ನನ್ನೂ ದಾರದಿಂದ ಕಟ್ಟಿ ಹೋದರು. ಎರಡು ತಿಂಗಳಾದರೂ ಅದರಲ್ಲಿ ಒಂದಕ್ಷರ ಬೀಳಲಿಲ್ಲ.

"ಮೇಡಂ, ಕೈಗೆ ಪಟ್ಟಿ ಕಟ್ಟಾಕ ಇವ್ರೇನು ಸಂತಿಗೆ ಹೊಂಟ ಕುರಿ ಏನ್ರಿ?" ಎಂದಳು ದಾನವ್ವ. "ಒಮ್ಮಿ ನನ್ನ ಕಣ್ಣಿಗೆ ಬಿದ್ದಾವ ನನಗ ಮರಿಯಾಂಗಿಲ್ಲ."

"ನೀವು ಸೂಟಿ ಹಾಕಿದ ದಿನ ಆ ಕಣ್ಣು ಯಾರ ಕೈಯಾಗ ಕೊಟ್ಟು ಹೋಗ್ತೀರಿ ದಾನವ್ವ?"

"ನಾ ಸೂಟಿ ಹಾಕಿದ್ದು ಯಾರರ ನೋಡೀರೇನ್ರಿ?"

ವಾರ್ಡಿಗೆ ವಾರ್ಡೇ ನಕ್ಕಿತು. ಪಟ್ಟಿಗಳ ಡಬ್ಬಿ ಕಪಾಟಿನಲ್ಲಿ ಕಟ್ಟು ಬಿಚ್ಚದೆ ಕೂತಿತು.

ಮಳೆಗಾಲ ಹಿಂದೆ ಸರಿದ ಮೇಲೆ ಒಂದು ಸೋಮವಾರ ವಾರ್ಡಿನಲ್ಲಿ ಶಿರಗುಪ್ಪಿಯವರೇ ಇಬ್ಬರಾದರು. ಶಿರಗುಪ್ಪಿ ದಾನವ್ವನ ತವರೂರು. ಒಂಬತ್ತನೇ ಕಾಟ್‌ನಲ್ಲಿ ಎಪ್ಪತ್ತು ದಾಟಿದ ಹನುಮಪ್ಪ. ಸಕ್ಕರೆ ಕಾಯಿಲೆ, ಕಾಲಿಗೆ ಗಾಯ. ನಾಲ್ಕನೇ ಕಾಟ್‌ನಲ್ಲಿ ಅರವತ್ತರ ಆಸುಪಾಸಿನ ಫಕೀರಪ್ಪ. ಮರುದಿನ ಮುಂಜಾನೆ ಹರ್ನಿಯಾ ಆಪರೇಶನ್. ನಾಲ್ಕನೇ ಕಾಟ್ ಪಾಯಖಾನೆಯ ಬಾಗಿಲಿಗೆ ಹತ್ತಿದ್ದು, ಒಂಬತ್ತನೆಯದು ವಾರ್ಡಿನ ಆಚೆ ತುದಿಯದು.

"ಯವ್ವಾ ದಾನವ್ವ," ಎಂದ ಹನುಮಪ್ಪ, "ಈ ಕಾಲು ಎಳಕೊಂಡು ಪಾಯಖಾನಿ ಮುಟ್ಟೋದ್ರಾಗ ನಾ ನಡಕೋಂತ ಶಿರಗುಪ್ಪಿ ಮುಟ್ಟತೇನಿ."

ದಾನವ್ವ ಫಕೀರಪ್ಪನ ಕಡೆ ತಿರುಗಿದಳು. "ಅಣ್ಣಾ, ಹಿರ್ಯಾರು ಅದಾರ. ನಿಮ್ಮ ಜಾಗಾ ಅವ್ರಿಗೆ ಕೊಡ್ರಿ."

"ಕೊಟ್ಟೆ ತಗೋ ತಂಗಿ. ನನಗೆಲ್ಲಿ ಮಲಗಿದ್ರೂ ನಿದ್ದಿ ಬರತೈತಿ."

"ನಿನ್ನ ಗೊರಕಿ ಇಲ್ಲೀತನಕಾ ಕೇಳತಾವಲೇ," ಎಂದ ಹನುಮಪ್ಪ. "ಇನ್ನ ಅಲ್ಲೀತನಕಾನೂ ಬರತಾವ."

ದಾನವ್ವ ನರ್ಸಿಗೆ ಹೇಳುವ ಗೋಜಿಗೆ ಹೋಗಲಿಲ್ಲ. ತಾನೇ ಹಾಸಿಗೆ ಬದಲಿಸಿ, ಒಬ್ಬೊಬ್ಬರ ಕೈ ಹಿಡಿದು ಆಚೀಚೆ ಕೂಡಿಸಿದಳು. ಬುತ್ತಿಡಬ್ಬಿ, ಕಂಬಳಿ, ಚಪ್ಪಲಿ, ತಂಬಾಕಿನ ಚೀಲ ಎಲ್ಲವೂ ತಮ್ಮ ತಮ್ಮ ಒಡೆಯರ ಹಿಂದೆ ಹೋದವು. ಕಾಟ್‌ನ ಕಾಲ್ದೆಸೆಯ ಕೊಕ್ಕೆಗೆ ತೂಗುಬಿದ್ದ ಫೈಲುಗಳು ಮಾತ್ರ ಇದ್ದಲ್ಲೇ ಉಳಿದವು. ಅವು ಆಸ್ಪತ್ರೆಯ ಸೊತ್ತು. ಯಾರ ಸಾಮಾನೂ ಅಲ್ಲ.

ಮಂಗಳವಾರ ಬೆಳಗಿನ ಏಳಕ್ಕೆ ಬಂದ ನರ್ಸು ಸುಕನ್ಯಾ. ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ, ಸೋಮವಾರ ಅವಳಿಗೆ ವಾರದ ರಜೆ ಇತ್ತು. ರಾತ್ರಿಯವಳು ಹೋಗುವಾಗ, ನಾಲ್ಕರದ್ದು ಆಪರೇಶನ್, ಒಂಬತ್ತರದ್ದು ಸಕ್ಕರೆ ಎಂದು ಒಪ್ಪಿಸಿ ಹೋಗಿದ್ದಳು. ಸುಕನ್ಯಾ ಒಂಬತ್ತನೇ ಕಾಟ್‌ನ ಫೈಲು ಬಿಚ್ಚಿದಳು. ತಿಂಡಿಗೆ ಮೊದಲು ಇನ್ಸುಲಿನ್ ಎಂದಿತ್ತು. ಸೂಜಿ ತುಂಬಿಕೊಂಡು, ವಾರ್ಡಿನ ರೂಢಿಯಂತೆ ಕೇಳಿದಳು: "ಶಿರಗುಪ್ಪಿಯವ್ರಲ್ರಿ?"

"ಹೌದ್ರಿ ಬಾಯಾರ," ಎಂದು ಫಕೀರಪ್ಪ ತೋಳು ಮುಂದೆ ಮಾಡಿದ. ಆಪರೇಶನ್ನಿನ ಮುಂಚಿನ ಇಂಜೆಕ್ಷನ್ ಇರಬೇಕೆಂದುಕೊಂಡ. ರಾತ್ರಿಯಿಂದ ಅವನ ಹೊಟ್ಟೆಗೆ ನೀರು ಸಹ ಬಿದ್ದಿರಲಿಲ್ಲ.

ಎಂಟಕ್ಕೆ ದಾನವ್ವ ಒಳಗೆ ಕಾಲಿಟ್ಟಾಗ ನಾಲ್ಕನೇ ಕಾಟ್‌ನಲ್ಲಿ ರಂಪ ನಡೆದಿತ್ತು. "ಮುಂಜಾನಿಂದ ಒಂದು ಗುಟುಕು ಚಾ ಕೊಟ್ಟಿಲ್ಲ. ಈಗ ನೋಡಿದ್ರ ಇಂವ ಬ್ಲೇಡು ಹಿಡಕೊಂಡು ನನ್ನ ಹೊಟ್ಟಿಬುಡಾ ಬೋಳಸಾಕ ಬಂದಾನ! ಗಾಯಾ ಇರೋದು ಕಾಲಿಗೆ ಮಾರಾಯಾ!" ಎಂದು ಹನುಮಪ್ಪ ಕೂಗಾಡುತ್ತಿದ್ದ. ಬ್ಲೇಡು ಹಿಡಿದ ವಾರ್ಡ್ ಬಾಯ್ ಫೈಲು ತೋರಿಸಿ, ಇದರಲ್ಲಿ ಹೀಗೇ ಬರೆದಿದೆ ಎನ್ನುತ್ತಿದ್ದ.

ದಾನವ್ವ ಒಂಬತ್ತರ ಕಡೆ ಓಡಿದಳು. ಫಕೀರಪ್ಪನ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಕೈಗಳು ಗಡಗಡ ನಡುಗುತ್ತಿದ್ದವು. "ಎತ್ತು ಒಳಗ ಕಟ್ಟೀರೇನು?" ಎಂದು ಏನೇನೋ ಬಡಬಡಿಸುತ್ತಿದ್ದ. ಇಂಥ ಬೆವರನ್ನು ಅವಳು ಮೊದಲೂ ಕಂಡವಳು.

"ಸಿಸ್ಟರ್! ಇವ್ರ ಸಕ್ಕರಿ ಇಳದೈತಿ, ಲಗೂ ಬರ್ರಿ!"

ಡಾಕ್ಟರು ಬಂದು ಬೆರಳು ಚುಚ್ಚಿ ನೋಡಿದರು. ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ನರಕ್ಕೆ ಗ್ಲುಕೋಸ್ ಏರಿಸಿದರು. ಕಾಲು ತಾಸಿನಲ್ಲಿ ಫಕೀರಪ್ಪ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದ. ಮತ್ತೆ ಇಳಿಯಬಹುದೆಂದು ಸಂಜೆಯವರೆಗೂ ತಾಸಿಗೊಮ್ಮೆ ನೋಡಿದರು. ಆಪರೇಶನ್ ಮುಂದಕ್ಕೆ ಹೋಯಿತು. ಸುಕನ್ಯಾ ಔಷಧಿ ಕೋಣೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಮಧ್ಯಾಹ್ನ ಆಡಳಿತಾಧಿಕಾರಿ ಬಸವಪ್ರಭು ಇಬ್ಬರು ರೋಗಿಗಳನ್ನೂ ಕೇಳಿದರು. ಕಾಟ್ ಬದಲಿಸಿದವರು ಯಾರು? ದಾನವ್ವ ಮಗ್ಗುಲಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದಳು.

"ನಮ್ಮಷ್ಟಕ್ಕ ನಾವ ಬದಲಿ ಮಾಡಿಕೊಂಡ್ವಿರಿ," ಎಂದ ಹನುಮಪ್ಪ. "ಯಾರೂ ಹೇಳಿಲ್ಲರಿ," ಎಂದ ಫಕೀರಪ್ಪ. ಇಬ್ಬರೂ ಅವಳ ಕಡೆ ನೋಡಲಿಲ್ಲ.

ಹಾಗಾದರೆ ತಪ್ಪು ಸೂಜಿ ಹಾಕಿದವಳದೇ ಎಂದು ಬಸವಪ್ರಭು ತೀರ್ಮಾನಿಸಿದರು. ಗುರುವಾರದೊಳಗೆ ಬರಹದಲ್ಲಿ ಉತ್ತರ ಕೊಡು, ಇಲ್ಲವಾದರೆ ಮನೆಗೆ ನಡೆ, ಎಂದು ಸುಕನ್ಯಾಳ ಕೈಗೆ ನೋಟೀಸು ಕೊಟ್ಟರು.

ಸಾಹೇಬರು ಹೋದ ಮೇಲೆ ದಾನವ್ವ ಹನುಮಪ್ಪನ ಹತ್ತಿರ ಕೂತಳು. "ಯಾಕ್ ಕಾಕಾ ಸುಳ್ಳ ಹೇಳಿದ್ರಿ?"

"ಸುಳ್ಳೆಲ್ಲಿ ಬಂತು? ಕಾಟ್ ಬದಲಿ ಆಗಿದ್ದು ಖರೇನ ಐತಲ್ಲ. ಊರ ಮಗಳ ಹೆಸರು ಇಂಥಾದ್ರಾಗ ಬರಬಾರದು."

"ಆ ಹುಡುಗೀನೂ ಯಾವುದರ ಊರ ಮಗಳ ಅಲ್ಲೇನ್ರಿ?"

"ಅದನ್ನ ಆ ಊರವ್ರು ನೋಡಕೋತಾರ. ನೀ ಮೊದಲ ಚಾ ತಗೊಂಡು ಬಾ."

ಬೆಂಗೇರಿಯ ಮನೆಯಲ್ಲಿ ಸಂಜೆ ಗಂಡ ಲಕ್ಕಪ್ಪ ಬೆಳ್ಳುಳ್ಳಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡ. "ಇನ್ನ ಎರಡು ವರ್ಷಕ್ಕ ನಿನ್ನ ನೌಕರಿ ಮುಗಿತೈತಿ. ಬಾಯಿ ಮುಚಗೊಂಡಿರು. ಅಕಿ ಓದಿದಾಕಿ, ಇನ್ನೊಂದು ದವಾಖಾನಿ ನೋಡಕೋತಾಳ."

"ತಪ್ಪು ಸೂಜಿ ಚುಚ್ಚಿದಾಕಿ ಅಂದ ಮ್ಯಾಲ ಅಕಿನ್ನ ಯಾವ ದವಾಖಾನಿ ತಗೋತೈತಿ?"

"ಹಂಗಂತ ನಿನ್ನ ಮರ್ಯಾದಿ ಕಳಕೋತೀ ಏನು? ನಾಳೆ ನೌಕರಿ ಹೋತು, ಆಮ್ಯಾಲ?"

ಆ ವಾರ್ಡಿನಲ್ಲಿ ದಾನವ್ವನ ಮಾತೆಂದರೆ ಮಾತು. ಇಪ್ಪತ್ತೇಳು ವರ್ಷ ಗಳಿಸಿದ್ದು ಅದೊಂದೇ. ಬುಧವಾರ ಇಡೀ ದಿನ ಸುಕನ್ಯಾಳ ಎದುರು ಬರದಂತೆ ಅಡ್ಡಾಡಿದಳು. ಸಂಜೆಯ ಹೊತ್ತಿಗೆ ಸುಕನ್ಯಾ ತಾನೇ ಹುಡುಕಿಕೊಂಡು ಬಂದಳು. "ಆಯಾ, ನೀವು ಬೆವರು ನೋಡಿ ಒದರದಿದ್ರ ಆ ಅಜ್ಜ ಉಳೀತಿರಲಿಲ್ಲ. ನಿಮ್ಮ ಉಪಕಾರ ಮರಿಯಾಂಗಿಲ್ಲರಿ," ಎಂದು ಎರಡೂ ಕೈ ಹಿಡಿದಳು. ದಾನವ್ವನಿಗೆ ಕೆಂಡ ಮುಟ್ಟಿದ ಹಾಗಾಯಿತು.

ಗುರುವಾರ ಬಳಗದವರ ಸಭೆಗೆ ನರ್ಸುಗಳು, ಆಯಾಗಳು, ಬಸವಪ್ರಭು ಎಲ್ಲರೂ ಕೂಡಿದರು. ಪ್ರಭಾವತಿ ಮೇಡಂ ಹಲಗೆಯ ಮೇಲೆ ಎರಡು ಕಾಟ್ ಬರೆದರು. "ಯಾರು ಮಾಡಿದ್ರು ಅಂತ ನಾ ಕೇಳೂದಿಲ್ಲ. ಮನುಷ್ಯಾ ಈ ಕಡೆ ಬಂದ, ಫೈಲು ಆ ಕಡೆ ಉಳೀತು. ಅದು ಹೆಂಗಾತು ಅಂತ ಅಷ್ಟ ಹೇಳ್ರಿ."

ದಾನವ್ವ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಅವ್ರಿಬ್ಬರನ್ನೂ ಬದಲಿ ಮಾಡಿದಾಕಿ ನಾನರಿ. ಚಪ್ಪಲಿ ನೆನಪಿಟ್ಟು ಒಯ್ದೆ, ಫೈಲು ಒಯ್ಯಲಿಲ್ಲ. ಸಿಸ್ಟರ್‌ಗೆ ಹೇಳಲೂ ಇಲ್ಲ. ಅವ್ರು ನಮ್ಮೂರವ್ರು, ನನ್ನ ಹೆಸರು ಕೆಡಬಾರದಂತ ಮುಚ್ಚಿಟ್ರು." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೂ ಒಂದೈತ್ರಿ. ಹೆಸರು ಬಿಟ್ಟು ಊರು ಕೇಳಾಕ ಈ ಹುಡುಗಿಗೆ ಕಲಿಸಿದಾಕೀನೂ ನಾನ."

ಬಸವಪ್ರಭು ಕುರ್ಚಿ ಹಿಂದೆ ಸರಿಸಿದರು. "ಎರಡು ದಿನ ಯಾಕ ಸುಮ್ಮನಿದ್ದಿ?"

"ಅಂಜಿಕಿ ಇತ್ರಿ ಸಾಹೇಬ್ರ. ತಗದ ಹಾಕತೀರಿ ಅಂತ."

"ಮತ್ತೇನು ಸತ್ಕಾರ ಮಾಡಬೇಕೇನು? ಶಿಕ್ಷಾ ಇಲ್ಲ ಅಂದ್ರ ನಾಳೆ ಯಾರು ಅಂಜತಾರ?"

"ಸಾಹೇಬ್ರ, ಅಂಜಿದ್ದಕ್ಕನ ಎರಡು ದಿನ ಬಾಯಿ ಬಿಟ್ಟಿಲ್ಲ," ಎಂದರು ಪ್ರಭಾವತಿ. ಮೇಜಿನ ಮೇಲಿನ ಖಾಲಿ ವಹಿಯನ್ನು ಅವರ ಮುಂದೆ ಸರಿಸಿದರು. "ಎರಡು ತಿಂಗಳ ಹಾಳಿ ನೋಡ್ರಿ. ಈ ದವಾಖಾನ್ಯಾಗ ಎರಡು ತಿಂಗಳದಾಗ ಒಂದೂ ತಪ್ಪು ಆಗಿಲ್ಲ ಅಂತ ನೀವು ನಂಬತೀರೇನು? ಇವತ್ತು ಈಕಿನ್ನ ತಗದ್ರ ಇದು ಹಿಂಗ ಬೆಳ್ಳಗ ಉಳೀತೈತಿ."

ಮಾತು ತಾಸುಗಟ್ಟಲೆ ಎಳೆಯಿತು. ಕಡೆಗೆ ಸುಕನ್ಯಾಳ ನೋಟೀಸು ಹಿಂದಕ್ಕೆ ಬಂತು. ದಾನವ್ವನ ನೌಕರಿಯೂ ಉಳಿಯಿತು. ಆದರೆ ಬಸವಪ್ರಭು ತಮ್ಮ ಮಾತು ಪೂರಾ ಬಿಟ್ಟುಕೊಡಲಿಲ್ಲ. ಒಂದು ತಿಂಗಳು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದರು. ಹೊದಿಕೆ ಮಡಚುತ್ತ, ದಿಂಬಿನ ಚೀಲ ಎಣಿಸುತ್ತ, ಯಾರೂ ಕರೆಯದ ಕೋಣೆಯಲ್ಲಿ ಆ ತಿಂಗಳು ಕಳೆಯುವುದು ಅವಳಿಗೆ ಹಲ್ಲುನೋವಿನಷ್ಟು ಕಷ್ಟವಾಯಿತು. ಹನುಮಪ್ಪ, ತನ್ನನ್ನು ನಾಲ್ಕು ಮಂದಿಯಲ್ಲಿ ಸುಳ್ಳುಗಾರನನ್ನಾಗಿ ಮಾಡಿದಳೆಂದು ಮುನಿಸಿಕೊಂಡು, ಮಾತಾಡಿಸದೆಯೇ ಊರಿಗೆ ಹೋದ.

ಫಕೀರಪ್ಪನಿಗೆ ಆದದ್ದನ್ನು ಬಿಡಿಸಿ ಹೇಳಬೇಕು, ಮುಚ್ಚುವಂತಿಲ್ಲ ಎಂದು ಬಳಗದವರು ಪಟ್ಟು ಹಿಡಿದಿದ್ದರು. ಡಾಕ್ಟರ ಜೊತೆ ದಾನವ್ವನೂ ಹೋಗಿ ಹೇಳಿದಳು.

"ಅಂದ್ರ ನಾ ಸಾಯತಿದ್ನೇನು?"

"ಇನ್ನೊಂದೀಟು ತಡಾ ಆಗಿದ್ರ ಸಾಯತಿದ್ರಿ ಅಣ್ಣಾ."

ಫಕೀರಪ್ಪ ಎದ್ದು ಕೂತ. "ಆಪರೇಶನ್ ಮಾಡೋಮುಂದ ನೀ ಬಾಗಲದಾಗ ನಿಂತಿರು," ಎಂದ. ನಿಂತಳು. ಅದು ಸುಸೂತ್ರವಾಗಿ ಆಯಿತು.

ತಿಂಗಳು ಮುಗಿಸಿ ಅವಳು ವಾರ್ಡಿಗೆ ಬಂದಾಗ ಎಲ್ಲರ ಕೈಯಲ್ಲೂ ಪಟ್ಟಿ ಇತ್ತು. ಜಾಗ ಬದಲಿಸುವಾಗ ನರ್ಸು ಫೈಲು ಹಿಡಿದು ಜೊತೆಗೆ ನಡೆಯಬೇಕೆಂಬ ಕಟ್ಟಳೆಯಾಗಿತ್ತು. ವಹಿಯಲ್ಲಿ ಹನ್ನೊಂದು ಬರಹಗಳಿದ್ದವು. ದಾನವ್ವ ಕೂಡಿಸಿ ಕೂಡಿಸಿ ಎಲ್ಲವನ್ನೂ ಓದಿದಳು.

ಹೊಸ ವರ್ಷದಲ್ಲಿ ಪ್ರಭಾವತಿ ಮೇಡಂ ಅವಳನ್ನು ಧಾರವಾಡದ ಬೇರೊಂದು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಆಯಾಗಳ ಮುಂದೆ ನಡೆದದ್ದನ್ನು ಹೇಳಬೇಕಿತ್ತು. ಭಾಷಣ ಮಾಡಿ ಗೊತ್ತಿಲ್ಲದ ದಾನವ್ವ, ಬ್ಲೇಡು ಹಿಡಿದು ಬಂದವನಿಂದ ಹಿಡಿದು ಬಟ್ಟೆ ಕೋಣೆಯವರೆಗೆ ಎಲ್ಲವನ್ನೂ ಹೇಳಿದಳು. ನಗುವಲ್ಲಿ ನಕ್ಕರು, ಆಮೇಲೆ ನಗು ನಿಂತಿತು.

ಹಿಂದೆ ಕೂತಿದ್ದ ನಡುವಯಸ್ಸಿನ ಆಯಾ ಒಬ್ಬಳು ಕೇಳಿದಳು: "ಅಕ್ಕಾ, ಖರೇ ಹೇಳ್ರಿ. ನಿಮ್ಮನ್ನ ತಗದ ಹಾಕಲಿಲ್ಲಾ?"

"ಇಲ್ಲ. ಒಂದು ತಿಂಗಳು ಅರಬಿ ಕೋಣ್ಯಾಗ ಹೊದಿಕಿ ಮಡಚೇನಿ."

"ಅಷ್ಟನ?"

"ಅಷ್ಟ. ಆದ್ರ ಅದೇನು ಹಗುರ ಇರಲಿಲ್ಲವ್ವಾ."

ಆ ಆಯಾ ಮಗ್ಗುಲಿನವರ ಮುಖ ನೋಡಿದಳು. ಎದ್ದು ಹೋಗಿ ಬಾಗಿಲು ಮುಚ್ಚಿ, ತಿರುಗಿ ಬಂದು ಮುಂದಿನ ಸಾಲಿನಲ್ಲಿ ಕೂತಳು.

"ಹಂಗಿದ್ರ ನಮ್ಮಲ್ಲಿ ದೀಪಾವಳಿ ವ್ಯಾಳ್ಯಾದಾಗ ಇಂಥಾದ್ದೊಂದು ತಪ್ಪು ಆಗೇತ್ರಿ," ಎಂದಳು. "ಹೇಳಲೇನು?"

ಪ್ರಭಾವತಿ ಮೇಡಂ ಪೆನ್ನು ತೆಗೆದುಕೊಂಡರು. ದಾನವ್ವ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.